ಗುಳ್ಳೆಯ ಹಿಡಿತ

ಹಂಡೆಯ ನೀರು ಕಾಯತೊಡಗಿದಾಗ, ಕುದಿ ಬರುವುದಕ್ಕೆ ಬಹಳ ಮುಂಚೆಯೇ, ತಳದಲ್ಲಿಯೂ ಪಕ್ಕಗಳಲ್ಲಿಯೂ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಮೂಡಿ ಅಂಟಿಕೊಂಡಿರುವುದನ್ನು ವಾಚಕರೆಲ್ಲರೂ ಕಂಡಿರುವರು. ಹಗುರವಾದುದು ಮೇಲಕ್ಕೇಳುವುದು ನ್ಯಾಯ; ಆದರೂ ಅವು ಏಳವು. ಹಂಡೆಯನ್ನು ತಟ್ಟಿದರೆ ಮಾತ್ರ ಕೆಲವು ಕಳಚಿಕೊಳ್ಳುವುವು. ಸ್ನಾನದ ನೀರಿನಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ನೀರನ್ನು ವಿದ್ಯುತ್ತಿನಿಂದ ವಿಭಜಿಸಿ ಜಲಜನಕವನ್ನು ಪಡೆಯುವವರಿಗಾದರೋ ಈ ಅಂಟು ದೊಡ್ಡ ಪೀಡೆಯಾಗಿದೆ.

1800ನೆಯ ಇಸವಿಯ ಮೇ ತಿಂಗಳಿನಲ್ಲಿ ಲಂಡನ್ ನಗರದಲ್ಲಿ ವಿಲಿಯಂ ನಿಕಲ್ಸನ್, ಆಂಟನಿ ಕಾರ್ಲೈಲ್ ಎಂಬಿಬ್ಬರು, ಇಟಲಿಯ ವೋಲ್ಟಾ ಆಗತಾನೆ ನಿರ್ಮಿಸಿದ್ದ ವಿದ್ಯುತ್ಸ್ತಂಭದಂತಹುದನ್ನೇ ಕಟ್ಟಿ, ತಂತಿಯ ಸಂಪರ್ಕವು ಚೆನ್ನಾಗಿರಲೆಂದು ಮೇಲಿನ ಬಿಲ್ಲೆಯ ಮೇಲೆ ಒಂದು ತೊಟ್ಟು ನೀರಿಟ್ಟರು. ಆ ತೊಟ್ಟಿನಲ್ಲಿ ಗುಳ್ಳೆಗಳೆದ್ದುವು. ಬಳಿಕ ನೀರು ತುಂಬಿದ ಗಾಜಿನ ಕೊಳವೆಯಲ್ಲಿ ಎರಡು ತಂತಿಗಳನ್ನಿಟ್ಟು ನೋಡಲು ಒಂದರಲ್ಲಿ ಜಲಜನಕವು ಬಂದಿತು. ಹಿತ್ತಾಳೆಯ ತಂತಿಗಳನ್ನು ತೆಗೆದು ಪ್ಲಾಟಿನಮ್ಮಿನವನ್ನಿಡಲು ಮತ್ತೊಂದರಲ್ಲಿ ಆಮ್ಲಜನಕವೂ ಬಂದಿತು. ಪಂಚಭೂತಗಳಲ್ಲಿ ಒಂದಾದ ಅಪ್ತತ್ತ್ವವು ಹೀಗೆ ಕಣ್ಣೆದುರಿಗೇ ಎರಡಾಯಿತು.

ಪ್ರವಾಹವನ್ನು ನೀರಿಗೆ ಮುಟ್ಟಿಸುವ ಈ ಲೋಹಕ್ಕೆ ವಿದ್ಯುದಗ್ರವೆಂದು ಹೆಸರು. ಕ್ರಿಯೆಯೆಲ್ಲ ನಡೆಯುವುದು ಅದರ ಮೈಮೇಲೆ. ಗುಳ್ಳೆ ಕುಳಿತಷ್ಟು ಜಾಗಕ್ಕೆ ನೀರು ತಗುಲದು. ತಗುಲದ ಜಾಗದಲ್ಲಿ ಕೆಲಸವಿಲ್ಲ. ಅಂದರೆ ಲೋಹವು ಹಡೆದ ಮಗುವೇ ಅದರ ಕೈಗಳನ್ನು ಕಟ್ಟಿಹಾಕುವುದು!

1840ರಲ್ಲಿ ಇದಕ್ಕೊಂದು ಮದ್ದನ್ನು ಕಂಡವನು ಆಲ್ಫ್ರೆಡ್ ಸ್ಮೀ. ಕಾರ್ಲೈಲನಂತೆ ಇವನೂ ಶಸ್ತ್ರವೈದ್ಯನೇ. ಗುಳ್ಳೆಗಳೆಂದರೆ ಆ ವೃತ್ತಿಯವರಿಗೆ ಸಹಜವಾಗಿಯೇ ಆಸಕ್ತಿಯೋ ಏನೋ. ನುಣುಪಾದ ಲೋಹಕ್ಕೆ ಜಲಜನಕವು ಅಂಟಿಕೊಳ್ಳುವುದೆಂದೂ ಒರಟಾದ ಮೈಯಿಂದ ಸುಲಭವಾಗಿ ಕಳಚಿಹೋಗುವುದೆಂದೂ ಗಮನಿಸಿ, ಅವನು ತನ್ನ ವಿದ್ಯುತ್ಕೋಶದ ಬೆಳ್ಳಿಯ ತಗಡಿಗೆ ಪ್ಲಾಟಿನಮ್ಮನ್ನು ಕರಿಯ ಪುಡಿಯಂತೆ ಲೇಪಿಸಿದನು. ಕನ್ನಡಿಯಂತೆ ಬೆಳಗಿದ ಲೋಹವೇ ಉತ್ತಮವೆಂಬ ಲೋಕದ ಎಣಿಕೆ ಇಲ್ಲಿ ಸಲ್ಲಲಿಲ್ಲ. ಮಸಿ ಬಳಿದಂತಿದ್ದ ತಗಡೇ ಕೆಲಸಕ್ಕೆ ಬಂದಿತು.

ಪ್ಲಾಟಿನಮ್ಮಾದರೋ ಬಡವರ ಲೋಹವಲ್ಲ. 1920ರ ದಶಕದಲ್ಲಿ ಅಮೆರಿಕದ ಮರ್ರೆ ರೇನಿ ಎಂಬವನು ನಿಕಲ್ಲನ್ನೂ ಅಲ್ಯೂಮಿನಿಯಮ್ಮನ್ನೂ ಕೂಡಿಸಿ ಕರಗಿಸಿ, ಆ ಮಿಶ್ರಲೋಹದಿಂದ ಅಲ್ಯೂಮಿನಿಯಮ್ಮನ್ನು ಕಾಸ್ಟಿಕ್ ಸೋಡಾದಿಂದ ತಿನ್ನಿಸಿಬಿಟ್ಟನು. ಉಳಿದ ನಿಕಲ್ಲು ಗೆದ್ದಲು ಕೊರೆದ ಮರದಂತೆ ರಂಧ್ರಮಯವಾಯಿತು. ಅವನಿಗೆ ಬೇಕಾಗಿದ್ದುದು ಹತ್ತಿಬೀಜದ ಎಣ್ಣೆಗೆ ಜಲಜನಕವನ್ನು ಸೇರಿಸಿ ಗಟ್ಟಿಮಾಡುವ ಸಾಧನ. ತುಪ್ಪದ ಸ್ಥಾನಕ್ಕೆ ವನಸ್ಪತಿಯನ್ನು ತಂದ ವಿದ್ಯೆಯೂ ಇದೇ ಜಾತಿಯದು. ಆ ಉಪಕಾರವನ್ನು ಗೃಹಿಣಿಯರು ಎಷ್ಟರಮಟ್ಟಿಗೆ ಒಪ್ಪುವರೋ ತಿಳಿಯದು. ಎಣ್ಣೆಗೆ ಜಲಜನಕವನ್ನು ಕೂಡಿಸಿದ ಆ ನಿಕಲ್ಲೇ ಮುಂದೆ ಕ್ಷಾರದ ನೀರಿನಲ್ಲಿ ನಿಂತು ಜಲಜನಕವನ್ನು ಬಿಡಿಸುವ ವಿದ್ಯುದಗ್ರಕ್ಕೆ ಲೇಪವಾಯಿತು.

ಲೆಕ್ಕದಂತೆ ನೀರನ್ನು ವಿಭಜಿಸಲು 1.23 ವೋಲ್ಟು ಸಾಕು; ಕಾರ್ಖಾನೆಗಳಲ್ಲಿ 1.8ಕ್ಕೆ ಕಡಮೆ ಮಾಡುವುದೇ ಕಷ್ಟ. ಇದೆಲ್ಲ ಗುಳ್ಳೆಯ ಅಪರಾಧವಲ್ಲ. ಆಮ್ಲಜನಕದ ಕಡೆಯ ಕ್ರಿಯೆಯು ಸ್ವಭಾವತಃ ಮಂದ. ಒಂದು ಕಿಲೋಗ್ರಾಂ ಜಲಜನಕದಲ್ಲಿ ಅಡಗಿರುವ ಶಕ್ತಿ ಸುಮಾರು 39 ಯೂನಿಟ್ಟು. ಅದನ್ನು ಪಡೆಯಲು ಖರ್ಚಾಗುವುದು ಸಾಮಾನ್ಯವಾಗಿ 50ಕ್ಕೂ ಹೆಚ್ಚು. 2023ರಲ್ಲಿ ಭಾರತ ಸರಕಾರವು 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ನು ಹಸಿರು ಜಲಜನಕವೆಂದು ಗುರಿಯಿಟ್ಟಿತು. ಆ ಮೊತ್ತದಲ್ಲಿ ಕಿಲೋಗ್ರಾಮಿಗೆ ಒಂದೇ ಯೂನಿಟ್ಟು ಉಳಿದರೂ ವರ್ಷಕ್ಕೆ 500 ಕೋಟಿ ಯೂನಿಟ್ಟುಗಳಾಗುವುವು. ಅಷ್ಟು ವಿದ್ಯುತ್ತು ಬರಿಯ ಬಿಸಿಯಾಗಿ ಹೋಗುವುದೋ, ಊರುಗಳ ದೀಪಕ್ಕೆ ಉಳಿಯುವುದೋ ಎಂಬುದು ಕೂದಲೆಳೆಗಿಂತ ಸೂಕ್ಷ್ಮವಾದ ಉಬ್ಬುತಗ್ಗುಗಳನ್ನು ಅವಲಂಬಿಸಿದೆ.

ಈಗ ಪ್ರಯೋಗಶಾಲೆಗಳಲ್ಲಿ ಲೋಹದ ಮೇಲೆ ಸೂಜಿಗಳನ್ನೂ ಹಾಳೆಗಳನ್ನೂ ಬೆಳೆಸುವರು. ಅವುಗಳ ತುದಿಗಳ ಮೇಲೆ ಗುಳ್ಳೆಗೆ ಕಾಲೂರಲು ಎಡೆ ಸಾಲದು. ದೊಡ್ಡದಾಗುವ ಮೊದಲೇ ಬಿಟ್ಟೇಳುವುದು. ಇದನ್ನು ತಾವರೆಯೆಲೆಗೆ ಹೋಲಿಸುವ ವಾಡಿಕೆಯುಂಟು. ಹೋಲಿಕೆ ಸೊಗಸಾದುದೇ, ಆದರೆ ತಲೆಕೆಳಗಾದುದು. ತಾವರೆಯೆಲೆಯನ್ನು ಕೊಳದಲ್ಲಿ ಮುಳುಗಿಸಿ ನೋಡಿದರೆ ಬೆಳ್ಳಿಯಂತೆ ಹೊಳೆಯುವುದು. ಅದು ನೀರನ್ನು ದೂಡಿ ಮೈಗೆ ಹಿಡಿದುಕೊಂಡ ಗಾಳಿಯ ಪೊರೆ. ವಿದ್ಯುದಗ್ರಕ್ಕೆ ಬೇಕಾದುದು ನೀರನ್ನಪ್ಪಿ ಗಾಳಿಯನ್ನು ದೂಡುವ ಮೈ. ಮೀನಿನ ಹುರುಪೆಯು ಈ ಗುಣಕ್ಕೆ ಹೆಚ್ಚು ಸಮೀಪ. ನೀರಿನಲ್ಲಿ ನೆನೆದಿರುವಾಗ ಅದಕ್ಕೆ ಎಣ್ಣೆ ಹತ್ತದು. ಕವಿಗಳು ಮೀನಿನಿಂದ ಕಣ್ಣನ್ನಷ್ಟೇ ಎರವಲು ಪಡೆದು ಹುರುಪೆಯನ್ನು ಹಾಗೆಯೇ ಬಿಟ್ಟಿರುವರು.