ಮದಗದ ಕೆರೆ ಮತ್ತು ಮದುವೆಯ ಊಟ

ಶಿಕಾರಿಪುರದಲ್ಲಿ ಬಸ್ಸು ಬದಲಿಸಿ ನಾನೂ ಮೊಮ್ಮಗಳೂ ಮಾಸೂರಿನಲ್ಲಿ ಇಳಿದಾಗ ಬೆಳಗಿನ ಎಂಟು ಗಂಟೆ. ಮರುದಿನ ತಂಗಿಯ ಮೊಮ್ಮಗನ ಮದುವೆ. ಬೆಂಗಳೂರಿನಲ್ಲಿ ಕಾಲೇಜು ಓದುವ ಈ ಹುಡುಗಿಗೆ ಮದುವೆಗಿಂತ ಊರು ನೋಡುವ ಆಸೆ.

ಮಾಸೂರು ಹಾವೇರಿ ಜಿಲ್ಲೆಯ ಊರು. 1997ಕ್ಕೆ ಮೊದಲು ಧಾರವಾಡ ಜಿಲ್ಲೆಗೆ ಸೇರಿತ್ತು. ಇಲ್ಲಿಗೆ ಬಂದವರು ಮದಗದ ಕೆರೆ ನೋಡದೆ ಹೋಗಬಾರದು. ಕುಮುದ್ವತಿ ಹೊಳೆಗೆ ಗುಡ್ಡಗಳ ನಡುವೆ ಅಡ್ಡಲಾಗಿ ವಿಜಯನಗರದ ಅರಸರ ಕಾಲದಲ್ಲಿ ಕಟ್ಟಿದ ಏರಿ ಅದು. ಬೇಸಿಗೆಯಾದ್ದರಿಂದ ನೀರು ಬಹಳ ಕೆಳಗಿತ್ತು.

“ತುಂಬಿಬಿಟ್ಟರೆ ಏನ್ ಮಾಡ್ತಾರೆ ಅಜ್ಜಾ?” ಎಂದಳು. ಕೋಡಿ ತೋರಿಸಿದೆ. ಮಕ್ಕಳೇ, ಹೆಚ್ಚಾದ ನೀರು ಏರಿಯನ್ನು ಒಡೆಯದ ಹಾಗೆ ಹೊರಗೆ ಹೋಗಲು ಬಿಟ್ಟ ದಾರಿಗೆ ಕೋಡಿ ಎನ್ನುತ್ತಾರೆ. ಇಲ್ಲಿಂದ ಹೊರಟ ನೀರು ಮುಂದೆ ತುಂಗಭದ್ರೆಯನ್ನು ಸೇರುತ್ತದೆ.

ತ್ರಿಪದಿಗಳ ಸರ್ವಜ್ಞನ ತಂದೆ ಇದೇ ಮಾಸೂರಿನವರು, ತಾಯಿ ಅಂಬಲೂರಿನ ಮಾಳಿ ಎಂಬ ಕಥೆಯನ್ನೂ ಹೇಳಿದೆ. ಸರ್ವಜ್ಞ ಕೈಯಲ್ಲಿ ಭಿಕ್ಷಾಪಾತ್ರೆ ಹಿಡಿದು ಊರೂರು ತಿರುಗಿದವನು. ಕೊಟ್ಟವರ ಮನೆಯ ಅನ್ನ ಉಂಡು, ಅವರಿಗೇ ಬುದ್ಧಿ ಹೇಳಿದ ಧೈರ್ಯವಂತ!

ಮದುವೆ ಚೆನ್ನಾಗಿಯೇ ಆಯಿತು. ಆದರೆ ಅಂದು ಸುತ್ತಲಿನ ಊರುಗಳಲ್ಲೆಲ್ಲ ಮದುವೆ. ಸಾವಿರ ಮಂದಿಗೆಂದು ಮಾಡಿದ ಅಡುಗೆಗೆ ಬಂದವರು ಏಳುನೂರು. ಎರಡು ಗಂಟೆಗೆ ಕೊನೆಯ ಪಂಕ್ತಿ ಎದ್ದಾಗ ಡಬರಿಗಳು ಇನ್ನೂ ಭಾರವಾಗಿದ್ದವು. “ಸಂಜೀಗೆ ಎಮ್ಮಿಗಳಿಗೆ ಹಾಕಿದ್ರಾತು” ಎಂದರು ನಮ್ಮ ಬೀಗರು.

ಮೊಮ್ಮಗಳು ದುಪಟ್ಟಾ ಸೊಂಟಕ್ಕೆ ಕಟ್ಟಿದಳು. ಅವಳು ಬೆಂಗಳೂರಿನಲ್ಲಿ ರಜೆಯ ದಿನ ರಾಬಿನ್ ಹುಡ್ ಆರ್ಮಿಯ ಗೆಳೆಯರ ಜತೆ ಹೋಗುವವಳು. 2014ರಲ್ಲಿ ದೆಹಲಿಯಲ್ಲಿ ಕೆಲವು ಗೆಳೆಯರು ಸೇರಿ ಆರಂಭಿಸಿದ ಸ್ವಯಂಸೇವಕರ ಬಳಗ ಅದು. ಹೋಟೆಲು, ಮದುವೆಮನೆಗಳಲ್ಲಿ ಮಿಕ್ಕ ಊಟ ತಂದು ಹಸಿದವರಿಗೆ ಕೊಡುತ್ತಾರೆ. ಹಣದ ದೇಣಿಗೆ ಮಾತ್ರ ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಅವರಿಗೆ ಕೆಲಸಕ್ಕೆ ಕೊರತೆಯಿಲ್ಲ. ಅಲ್ಲಿನ ಕಲ್ಯಾಣಮಂಟಪಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳಾಗುತ್ತದೆಂದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಿಂದೆ ಲೆಕ್ಕ ಹಾಕಿದ್ದರು.

“ಇದಕ್ಕೆ ಹಾಲು ಹಾಕಿದಾರಾ? ಇದಕ್ಕೆ ಮೊಸರು?” ಎನ್ನುತ್ತ ಅವಳು ಒಂದೊಂದೇ ಮುಚ್ಚಳ ತೆಗೆದಳು. ಮಜ್ಜಿಗೆಸಾರು, ಮೊಸರನ್ನ, ಹಾಲು ಬೆರೆಸಿದ ಗೋಧಿ ಹುಗ್ಗಿ ಒಂದು ಕಡೆ ಸರಿದವು. ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕಿಕಾಳು ಪಲ್ಯ, ಶೇಂಗಾ ಚಟ್ನಿ, ಕೊನೆಗೆ ಬಸಿದ ಬಿಸಿ ಅನ್ನ ಇನ್ನೊಂದು ಕಡೆ. ಹಾಲು, ಮೊಸರು, ತುಪ್ಪ ಯಾವುದೂ ಇಲ್ಲದ ಸಸ್ಯಾಹಾರಕ್ಕೆ ಈಗಿನವರು ವೀಗನ್ ಎನ್ನುತ್ತಾರೆ. 1980ರಲ್ಲಿ ಅಮೆರಿಕದ ಕೇಂಬ್ರಿಜ್ ಊರಿನಲ್ಲಿ ಯುದ್ಧ ಬೇಡವೆನ್ನುವ ಕೆಲವರು ‘ಫುಡ್ ನಾಟ್ ಬಾಂಬ್ಸ್’ ಎಂಬ ಬಳಗ ಕಟ್ಟಿ, ಅಂಗಡಿಗಳಲ್ಲಿ ಮಿಕ್ಕ ತರಕಾರಿ, ಬ್ರೆಡ್ಡಿನಿಂದ ಇಂಥದೇ ಊಟ ಮಾಡಿ ಬೀದಿಯಲ್ಲಿ ಹಂಚತೊಡಗಿದರಂತೆ. ನಮ್ಮ ರೊಟ್ಟಿ, ಎಣ್ಣೆಗಾಯಿ, ಚಟ್ನಿ ಹೆಸರಿಲ್ಲದೆಯೇ ಮೊದಲಿನಿಂದ ವೀಗನ್!

ಬೀಗರಿಗೆ ಬೇಸರವಾಯಿತು. “ಹುಗ್ಗಿ ಬಿಟ್ಟು ಬರೀ ರೊಟ್ಟಿ ಕೊಟ್ಟರ ಮಂದಿ ಏನಂದಾರು?”

“ಈ ಬಿಸಿಲಲ್ಲಿ ಹಾಲು ಹಾಕಿದ್ದು ಬೇಗ ಕೆಡುತ್ತೆ ಮಾವ. ಮಕ್ಕಳಿಗೆ ಹೊಟ್ಟೆ ಕೆಟ್ಟರೆ ಯಾರು ನೋಡ್ತಾರೆ?”

ಬೇಯಿಸಿದ ಅಡುಗೆಯನ್ನು ಎರಡು ತಾಸಿಗಿಂತ ಹೆಚ್ಚು ಹೊರಗಿಡಬಾರದು, ಇಡುವುದಾದರೆ 60 ಡಿಗ್ರಿಗಿಂತ ಬಿಸಿಯಾಗಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲ ಸಲ ಮಾಡಿದ ಪಲ್ಯದ ಒಂದು ಡಬರಿ ತಣ್ಣಗಾಗಿತ್ತು. ಅದನ್ನೂ ಅವಳು ಎಮ್ಮೆಗಳ ಪಾಲಿಗೆ ಬಿಟ್ಟಳು. ನನಗಂತೂ ಹೊಟ್ಟೆ ಉರಿಯಿತು, ಆದರೆ ಮಾತಾಡಲಿಲ್ಲ.

ಊರಾಚೆ ರಸ್ತೆ ಕೆಲಸಕ್ಕೆ ಬಂದವರ ಡೇರೆಗಳಿದ್ದವು. ಟಂಟಂನಲ್ಲಿ ಡಬರಿಗಳನ್ನಿಟ್ಟು ಮದುಮಗನ ಗೆಳೆಯರು ನಾಲ್ವರು ಹತ್ತಿದರು. ಇಳಿದಾಗ ಮಕ್ಕಳು ಓಡಿಬಂದವು. ದೊಡ್ಡವರು ಮಾತ್ರ ನಿಂತಲ್ಲೇ ನಿಂತರು. ನನ್ನ ವಯಸ್ಸಿನ ಹೆಂಗಸೊಬ್ಬಳು ಮುಂದೆ ಬಂದು ಮೆಲ್ಲಗೆ ಕೇಳಿದಳು: “ಎಂಜಲಾ ಅಲ್ಲ, ಹೌದಿಲ್ರೀ?”

ನಾಚಿಕೆಯಾಯಿತು. ಊಟ ಹೊತ್ತು ತರುವಾಗ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಎಲೆಯಲ್ಲಿ ಬಿಟ್ಟದ್ದು ಎಂಜಲು. ಡಬರಿಯಲ್ಲಿ ಉಳಿದದ್ದು ಮಿಕ್ಕದ್ದು. ಅಷ್ಟನ್ನು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು ನೆಲದ ಮೇಲೆ ಕೂತು, “ನಾನಿನ್ನೂ ಉಂಡಿಲ್ಲ ಅಜ್ಜಿ, ನೀವೂ ಬನ್ನಿ” ಎಂದಳು. ಹೌದು, ಬಡಿಸುವ ಗಡಿಬಿಡಿಯಲ್ಲಿ ಅವಳು ಉಂಡೇ ಇರಲಿಲ್ಲ. ನಾನು ಹೊಟ್ಟೆ ತುಂಬ ಉಂಡಿದ್ದೆ. ಆದರೂ ಪಕ್ಕದಲ್ಲಿ ಕೂತು ರೊಟ್ಟಿ ಮುರಿದೆ. ಆಮೇಲೆ ಒಬ್ಬೊಬ್ಬರೇ ತಾಟು ತಂದರು. ಎಣ್ಣೆಗಾಯಿ ಮೊದಲು ಮುಗಿಯಿತು.

ಆ ಅಜ್ಜಿಯೇ ಡಬರಿಗಳನ್ನು ತಿಕ್ಕಿ ತೊಳೆದು ಕೊಟ್ಟಳು. ಒಂದರಲ್ಲಿ ಏನೋ ಸದ್ದಾಯಿತು. ನೋಡಿದರೆ ಎರಡು ಬೊಗಸೆ ಶೇಂಗಾ! “ನಮ್ಮೂರಿಂದ ತಂದಿದ್ದು ಐತ್ರೀ. ಬರಿದಾದ ಪಾತ್ರಿ ಹೆಂಗ ಕಳಿಸೂದು?”

ಮರುದಿನ ಶಿಕಾರಿಪುರದ ಬಸ್ಸಿನಲ್ಲಿ ಆ ಶೇಂಗಾ ಸುಲಿದು ತಿನ್ನುತ್ತ ಬಂದೆವು. ಸಿಪ್ಪೆಯೆಲ್ಲ ನನ್ನ ಧೋತರದ ಮೇಲೆ.