ಗಾಜಿನ ಮೇಲಿನ ಕನ್ನಡ

ಪ್ರತಿ ವಾರ ಪತ್ರಿಕೆಯ ತಂತ್ರಜ್ಞಾನ ಪುಟವನ್ನು ತಪ್ಪದೆ ಓದುತ್ತೇನೆ. ಹೊಸ ಫೋನು ಬಿಡುಗಡೆಯಾದರೆ ಕ್ಯಾಮೆರಾ, ಬ್ಯಾಟರಿ, ಬೆಲೆಗಳ ವಿವರ ಅಲ್ಲಿ ಇದ್ದೇ ಇರುತ್ತದೆ. ದೆಹಲಿಯಲ್ಲಿ ಸರ್ಕಾರಿ ನೌಕರಿಯಲ್ಲಿರುವ ನನ್ನ ಕಣ್ಣು ಮಾತ್ರ ಬೇರೊಂದನ್ನು ಹುಡುಕುತ್ತದೆ. ಇದರಲ್ಲಿ ಕನ್ನಡ ಹೇಗೆ ಕಾಣುತ್ತದೆ?

2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಮೊದಲ ಐಫೋನನ್ನು ತೋರಿಸಿದರು. ಗುಂಡಿಗಳನ್ನು ಕೈಬಿಟ್ಟು ಗಾಜಿನ ಮೇಲೆಯೇ ಕೀಲಿಮಣೆಯನ್ನು ಮೂಡಿಸಿದ್ದು ಅದರ ಹಿರಿಮೆ. ಗಾಜಿನ ಮೇಲೆ ಯಾವ ಲಿಪಿಯನ್ನಾದರೂ ಮೂಡಿಸಬಹುದಲ್ಲವೆ? ಆದರೂ ಆ ಕಂಪನಿಯದೇ ಕನ್ನಡ ಕೀಲಿಮಣೆ ಬಂದದ್ದು ಹತ್ತು ವರ್ಷಗಳ ಬಳಿಕ, 2017ರಲ್ಲಿ, ಐಒಎಸ್ 11ರೊಡನೆ. ಬೆಂಗಳೂರಿನಲ್ಲಿ ಐಫೋನುಗಳ ಜೋಡಣೆ ಆರಂಭವಾದದ್ದೂ ಅದೇ ವರ್ಷ.

ಕನ್ನಡಕ್ಕೆ ಬಿಡಿ ಅಕ್ಷರಗಳಿದ್ದರೆ ಸಾಲದು. ಒತ್ತು ಕೆಳಗಿಳಿಯಬೇಕು, ಸ್ವರಚಿಹ್ನೆ ವ್ಯಂಜನದೊಡನೆ ಬೆರೆಯಬೇಕು. ಆ ಏರ್ಪಾಡಿಲ್ಲದ ಕಾಲದಲ್ಲಿ ಶಿವಮೊಗ್ಗದಿಂದ ಬಂದ ಸಂದೇಶಗಳು ನನ್ನ ಫೋನಿನಲ್ಲಿ ಖಾಲಿ ಚೌಕಗಳ ಸಾಲಾಗುತ್ತಿದ್ದವು. ಅಮ್ಮನ ಮಾತನ್ನು ಅಣ್ಣ ಇಂಗ್ಲಿಷ್ ಲಿಪಿಯಲ್ಲಿ ಮತ್ತೆ ಬರೆದು ಕಳುಹಿಸುತ್ತಿದ್ದ. ಅದರಲ್ಲಿ ಸುದ್ದಿ ಇರುತ್ತಿತ್ತು, ಅಮ್ಮನ ದನಿ ಇರುತ್ತಿರಲಿಲ್ಲ.

ಈಗ ಅಮ್ಮ ತಾನೇ ಬರೆಯುತ್ತಾಳೆ. ಮಳೆ, ಅಡಕೆ, ನೆಂಟರ ಮನೆಯ ಮದುವೆ, ಕೊನೆಯಲ್ಲಿ ಮೊಮ್ಮಗಳಿಗೊಂದು ಒಗಟು. ದೆಹಲಿಯಲ್ಲಿ ಹುಟ್ಟಿದ ಮಗಳಿಗೆ ಶಾಲೆಯಲ್ಲಿ ಕನ್ನಡವಿಲ್ಲ. ಒಗಟು ಬಿಡಿಸುವ ಆಸೆಗೆ ಅವಳು ಅಕ್ಷರ ಕೂಡಿಸಿ ಓದಲು ಕಲಿತಳು. ಮೊನ್ನೆ ಅವಳೇ ಅಜ್ಜಿಗೊಂದು ಒಗಟು ಬರೆದು ಕಳುಹಿಸಿದಳು, ಎರಡು ಒತ್ತಕ್ಷರಗಳನ್ನು ತಪ್ಪಾಗಿ ಬರೆದು. ಅಜ್ಜಿ ಮೊದಲು ಒತ್ತಕ್ಷರಗಳನ್ನು ತಿದ್ದಿ, ಆಮೇಲೆ ಉತ್ತರ ಹೇಳಿದಳು.