ಟಾಯರ್ ಗಾಲಿಯ ಸವಾರಿ ಚಕ್ಕಡಿ

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯಲ್ಲಿ ಚಕ್ಕಡಿಗಳೆಂದರೆ ಎರಡು ಜಾತಿ. ಗೊಬ್ಬರ, ಮೇವು, ಕಾಳಿನ ಚೀಲಗಳನ್ನು ಹೊರುವ ಭಾರದ ಚಕ್ಕಡಿ ಒಂದು. ಜಾತ್ರೆಗೆ, ಬೀಗರ ಊರಿಗೆ ಮತ್ತು ಶರ್ಯತ್ತಿಗೆ ಹೂಡುವ ಹಗುರಾದ ಸವಾರಿ ಚಕ್ಕಡಿ ಇನ್ನೊಂದು. ಇಂದಿನ ಹುಡುಗರು ಸ್ಪೋರ್ಟ್ಸ್ ಕಾರುಗಳ ಬಗ್ಗೆ ಯಾವ ಅಭಿಮಾನದಿಂದ ಮಾತನಾಡುತ್ತಾರೋ ಅದೇ ಅಭಿಮಾನದಿಂದ ನಮ್ಮ ತಂದೆಯವರು ತಮ್ಮ ಸವಾರಿ ಚಕ್ಕಡಿಯ ಬಗ್ಗೆ ಮಾತನಾಡುತ್ತಿದ್ದರು. ಅದರ ಮೇಲೆ ಗೊಬ್ಬರದ ಬುಟ್ಟಿಯನ್ನು ಇಡಲು ಅವರು ಯಾರಿಗೂ ಬಿಟ್ಟವರಲ್ಲ.

ಪುಣೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಫೋನ್ ಮಾಡಿ, ತನ್ನ ಹಳೆಯ ಸ್ಪೋರ್ಟ್ಸ್ ಕಾರಿಗೆ ಕಂಪನಿಯದೇ ಆದ ಹಳೆಯ ಗಾಲಿಗಳನ್ನು ಹುಡುಕಿ ತಂದು, ಅವಕ್ಕೆ ಹೊಂದುವ ಟಾಯರುಗಳಿಗಾಗಿ ಎರಡು ತಿಂಗಳು ಅಲೆದ ಕಥೆಯನ್ನು ಹೇಳಿದ. ಬೋಲ್ಟಿನ ತೂತು ಕೂಡಬೇಕು, ಎತ್ತರ ಕೂಡಬೇಕು, ಒಂದೇ ಅಚ್ಚಿನ ಎರಡೂ ಟಾಯರುಗಳು ಸಮನಾಗಿ ಸವೆದಿರಬೇಕು ಎಂದೆಲ್ಲ ಅವನು ವಿವರಿಸುತ್ತಿದ್ದಂತೆ, "ಇದನ್ನು ನಾವು 1986ರಲ್ಲಿಯೇ ಮಾಡಿದ್ದೇವಪ್ಪ" ಎಂದೆ. ಅವನು ನಕ್ಕ. ಆದ್ದರಿಂದ ಈ ಬರಹ.

ತಂದೆಯವರ ಚಕ್ಕಡಿಯ ಗಾಲಿಗಳು ಜಾಲಿಯ ಕಟ್ಟಿಗೆಯವು. ನಾಲ್ಕೂವರೆ ಅಡಿ ಎತ್ತರ. ನಡುವೆ ಗುಂಬ, ಅದರಿಂದ ಹೊರಟ ಅರಗಳು, ಸುತ್ತಲೂ ಬಾಗಿಸಿ ಜೋಡಿಸಿದ ಕಟ್ಟಿಗೆಯ ತುಂಡುಗಳು, ಅವುಗಳ ಮೇಲೆ ಕಬ್ಬಿಣದ ಹಳಿ. ಹಳಿಯನ್ನು ಗಾಲಿಯ ಸುತ್ತಳತೆಗಿಂತ ಸ್ವಲ್ಪ ಚಿಕ್ಕದಾಗಿಯೇ ಮಾಡುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಅದು ಕೆಂಪಾಗಿ ಹಿಗ್ಗಿದಾಗ ಗಾಲಿಗೆ ಏರಿಸಿ, ಕೂಡಲೇ ನೀರು ಸುರಿಯುತ್ತಾರೆ. ಹಳಿ ಕುಗ್ಗಿ ಇಡೀ ಗಾಲಿಯನ್ನು ಮುಷ್ಟಿಯಲ್ಲಿ ಹಿಡಿದಂತೆ ಬಿಗಿಯುತ್ತದೆ. ಏಳನೆಯ ತರಗತಿಯ ಮಕ್ಕಳಿಗೆ ಉಷ್ಣದಿಂದ ಲೋಹ ಹಿಗ್ಗುವ ಪಾಠವನ್ನು ನಾನು ಬಡಿಗರ ಮನೆಯ ಮುಂದೆ ನಿಲ್ಲಿಸಿಯೇ ಹೇಳಿಕೊಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆದರೆ ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಹಳಿ ಸಡಿಲಾಗುತ್ತದೆ. ಡಾಂಬರು ರಸ್ತೆಯ ಮೇಲೆ ಕಬ್ಬಿಣ ಕುಣಿದು, ಕೂತವರ ಬೆನ್ನಿನ ಎಲುಬನ್ನೆಲ್ಲ ಎಣಿಸುತ್ತದೆ. ರಸ್ತೆಗಳಿಗೆ ಡಾಂಬರು ಬಂದಂತೆಲ್ಲ ಸವಾರಿ ಚಕ್ಕಡಿಯ ಸವಾರಿ ಕಷ್ಟವಾಗತೊಡಗಿತು.

ಆ ಹೊತ್ತಿಗೆ ನಮ್ಮಲ್ಲಿ ಟಾಯರ್ ಗಾಡಿಗಳು ಹೊಸವಲ್ಲ. ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ಮುಂದೆ ಕೃಷ್ಣಾ, ದೂಧಗಂಗಾ ದಂಡೆಗಳ ಮೇಲೆ ಸಹಕಾರಿ ಕಾರ್ಖಾನೆಗಳು ಬಂದವು. ಬೀಡ ಜಿಲ್ಲೆಯ ಕಡೆಯಿಂದ ಎತ್ತುಗಳೊಡನೆ ಬರುತ್ತಿದ್ದ ಕಬ್ಬು ಕಡಿಯುವವರಿಗೆ ಕಾರ್ಖಾನೆಗಳೇ ಟಾಯರ್ ಗಾಡಿ ಕೊಡುತ್ತಿದ್ದವು. ಅಂಥದೊಂದು ಕಾರ್ಖಾನೆ ಮುರಿದ ಗಾಡಿಗಳ ಗಾಲಿಗಳನ್ನು ಲಿಲಾವಿಗೆ ಇಟ್ಟಾಗ ಅಣ್ಣ ಒಂದು ಜೋಡಿಯನ್ನು ಹಿಡಿದು ತಂದ.

ಜೋಡಿ ಎಂದು ಬಾಯಿಮಾತಿಗೆ ಹೇಳಬೇಕಷ್ಟೆ. ಟಾಯರಿನ ಮೈಮೇಲೆ ಎರಡರಲ್ಲಿಯೂ 6.00–19 ಎಂದೂ ಎ.ಡಿ.ವಿ. ಎಂದೂ ಅಚ್ಚಾಗಿತ್ತು. ಎ.ಡಿ.ವಿ. ಎಂದರೆ ಪ್ರಾಣಿಗಳು ಎಳೆಯುವ ವಾಹನದ್ದು ಎಂದರ್ಥ. ನಿಧಾನದ ನಡಿಗೆಗಾಗಿಯೇ ಮಾಡಿದ ಟಾಯರು. ಅಂಕಿ ಒಂದೇ ಆದರೂ ಒಂದು ಟಾಯರು ಹೆಚ್ಚುಕಡಿಮೆ ಹೊಸದು, ಇನ್ನೊಂದು ಬೋಳು. ನಾನು ಶಾಲೆಯಿಂದ ಸುಣ್ಣದ ಕಡ್ಡಿ ತಂದು, ಟಾಯರಿನ ಮೇಲೊಂದು ನೆಲದ ಮೇಲೊಂದು ಗೆರೆ ಎಳೆದು, ಒಂದು ಸುತ್ತು ಉರುಳಿಸಿ ಅಳೆದೆ. ಒಂದು 8 ಅಡಿ 1 ಅಂಗುಲ ಹೋಯಿತು, ಇನ್ನೊಂದು 7 ಅಡಿ 10 ಅಂಗುಲ. ಸುತ್ತಳತೆಯಲ್ಲಿ ಮೂರು ಅಂಗುಲ ಕಡಿಮೆ ಎಂದರೆ ವ್ಯಾಸದಲ್ಲಿ ಸುಮಾರು ಒಂದು ಅಂಗುಲ, ಎತ್ತರದಲ್ಲಿ ಅರ್ಧ ಅಂಗುಲ.

"ಅರ್ಧ ಅಂಗುಲಕ್ಕ ಏನಾಗತೈತಿ ತಮ್ಮಾ, ಹೊಲದಾಗ ಒಂದ ಹೆಂಟಿ ಅದಕಿಂತ ದೊಡ್ದಿರತೈತಿ" ಎಂದ ಅಣ್ಣ.

ಮಾತು ನಿಜವೇ. ಆದರೆ ಹೆಂಟೆ ಒಂದು ಕ್ಷಣದ್ದು, ಟಾಯರಿನ ಕೊರತೆ ದಾರಿಯುದ್ದಕ್ಕೂ ಇರುವಂಥದು. ಚಕ್ಕಡಿ ಒಂದು ಕಡೆಗೆ ವಾಲುತ್ತದೆ, ಭಾರ ಆ ಗಾಲಿಯ ಮೇಲೆ ಬೀಳುತ್ತದೆ, ಅದರಲ್ಲಿ ಗಾಳಿಯೂ ಕಡಿಮೆಯಿದ್ದರೆ ಇನ್ನಷ್ಟು ಜಗ್ಗುತ್ತದೆ. ನೊಗ ಸೊಟ್ಟಾಗುತ್ತದೆ. ಕಾರಿನಲ್ಲಾದರೆ ಸ್ಟೇರಿಂಗ್ ಹಿಡಿದವನ ಕೈ ನೋಯುತ್ತದೆ. ಇಲ್ಲಿ ಒಂದು ಎತ್ತಿನ ಹೆಗಲು ನೋಯುತ್ತದೆ. ಅಣ್ಣ ಒಪ್ಪಿ, ನಿಪ್ಪಾಣಿಗೆ ಹೋಗಿ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಹಳೆ ಟಾಯರಿನ ಅಂಗಡಿಗಳಲ್ಲಿ ಒಂದು ದಿನವಿಡೀ ತಿರುಗಿ, ಸುಮಾರು ಅಷ್ಟೇ ಸವೆದ ಇನ್ನೊಂದು ಟಾಯರನ್ನು ತಂದ. ನನ್ನ ದಾರವನ್ನೂ ಒಯ್ದಿದ್ದ.

ಹೆಚ್ಚಿನ ತೊಂದರೆಯಿದ್ದದ್ದು ಎತ್ತರದಲ್ಲಿ. ಕಟ್ಟಿಗೆಯ ಗಾಲಿಯಲ್ಲಿ ಅಚ್ಚು ನೆಲದಿಂದ 27 ಅಂಗುಲ ಮೇಲಿತ್ತು. ಟಾಯರ್ ಗಾಲಿಯಲ್ಲಿ 15ರ ಆಸುಪಾಸು. ಹಾಗೆಯೇ ಕೂಡಿಸಿದರೆ ಚಕ್ಕಡಿಯ ಹಿಂಭಾಗ ಒಂದಡಿ ಕೆಳಗಿಳಿದು, ಮೂಕಿ ಆಕಾಶ ನೋಡುತ್ತದೆ. ಹಿಂಭಾರವಾದ ಚಕ್ಕಡಿಯಲ್ಲಿ ನೊಗ ಮೇಲೆದ್ದು, ಕೊರಳ ಪಟ್ಟಿ ಎತ್ತಿನ ಗಂಟಲನ್ನು ಒತ್ತುತ್ತದೆ. ಚಿಕ್ಕೋಡಿಯ ವೆಲ್ಡಿಂಗ್ ಅಂಗಡಿಯವನಿಗೆ ಇದು ತಿಳಿಯಲಿಲ್ಲ; ಅವನು ಅಚ್ಚನ್ನು ಕತ್ತರಿಸಿ, ಊರ ದಾರಿಯ ಗಾಲಿಜಾಡಿನ ಅಗಲಕ್ಕೆ ಸರಿಯಾಗಿ ಬೆಸೆದು ಕೊಟ್ಟ, ಅಷ್ಟೆ. ತಿಳಿದದ್ದು ನಮ್ಮೂರ ಬಡಿಗ ಅಜ್ಜನಿಗೆ. ತನ್ನ ಕೈಯ ಗಾಲಿಗಳನ್ನೇ ಕಳಚಿಹಾಕುವ ಕೆಲಸಕ್ಕೆ ಅವನು ಬರುವನೋ ಇಲ್ಲವೋ ಎಂಬ ಸಂಕೋಚ ನಮಗಿತ್ತು. ಬಂದ. ಅಚ್ಚಿಗೂ ಚಕ್ಕಡಿಯ ಮೈಗೂ ನಡುವೆ ಎರಡು ಜಾಲಿಯ ದಿಮ್ಮಿಗಳನ್ನು ಕೂಡಿಸಿ, ನೊಗವನ್ನು ಒಂದೇ ಬೆರಳಿನಿಂದ ಎತ್ತಿ ಇಳಿಸಿ ತೂಕ ನೋಡಿದ. ಹೋಗುವಾಗ ನನ್ನ ಕಡೆ ತಿರುಗಿ ಒಂದು ಮಾತು ಹೇಳಿದ: "ಗಾಲಿ ಹಗರಾದ್ರ ಎತ್ತಿಗಿ ಹಗರ ಆಗೂದಿಲ್ರೀ ಮಾಸ್ತರ, ಹೇರಾವ್ಗ ಹಗರ ಆಗತೈತಿ."

ಕೆಲಸ ಕಳೆದುಕೊಂಡವನ ಬೇಸರದ ಮಾತದು ಎಂದು ಅಣ್ಣ ನಕ್ಕುಬಿಟ್ಟ. ಆ ವರ್ಷದ ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆಗೆ ಹೋದೆವು. ಮಹಾರಾಷ್ಟ್ರದಿಂದಲೂ ಚಕ್ಕಡಿಗಳು ಸಾಲುಗಟ್ಟಿ ಬರುವ ಜಾತ್ರೆ ಅದು. ಮಕ್ಕಳು ದಾರಿಯಲ್ಲಿ ನಿದ್ದೆ ಹೋದರು. ಹಳೆಯ ಗಾಲಿಯ ಮೇಲೆ ಯಾರೂ ಹಾಗೆ ನಿದ್ದೆ ಮಾಡಿದ್ದನ್ನು ನಾನು ಕಂಡಿಲ್ಲ. ಎತ್ತುಗಳೂ ಕಿವಿ ಸಡಿಲು ಬಿಟ್ಟುಕೊಂಡು ನಡೆದವು. ಇಳಿಜಾರಿನಲ್ಲಿ ಮಾತ್ರ ಚಕ್ಕಡಿ ತಾನೇ ಮುಂದೆ ನುಗ್ಗಿ ಅವುಗಳ ಹಿಂದೆ ತಳ್ಳುತ್ತಿತ್ತು. ಅಣ್ಣ ಕೆಳಗಿಳಿದು ಹಿಡಿದೆಳೆಯಬೇಕಾಗುತ್ತಿತ್ತು.

ಗಾಳಿ ತುಂಬಿದ ಟಾಯರಿನ ಇತಿಹಾಸವೂ ವಿಚಿತ್ರವಾದದ್ದು. 1845ರಲ್ಲಿ ರಾಬರ್ಟ್ ಥಾಮ್ಸನ್ ಅದಕ್ಕೆ ಪೇಟೆಂಟ್ ಪಡೆದಾಗ ಅವನ ಕಣ್ಣ ಮುಂದಿದ್ದುದು ಕುದುರೆ ಗಾಡಿಗಳು. ಲೋಕ ಅದನ್ನು ಮರೆಯಿತು. 1888ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಡನ್ಲಪ್ ಎಂಬವನು ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಮಾಡಿದ. ಅವನು ವೃತ್ತಿಯಿಂದ ಪಶುವೈದ್ಯ! ಅವನ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜದಲ್ಲಿ ಕಾರ್ಖಾನೆ ತೆರೆಯಿತು. ದೇಶದ ಎಷ್ಟೋ ಕಡೆ ಟಾಯರಿನ ಎತ್ತಿನ ಗಾಡಿಗೆ ಡನ್ಲಪ್ ಗಾಡಿ ಎಂದೇ ಹೆಸರಾಯಿತು. ದನದ ವೈದ್ಯನ ಉಪಾಯ ಕಾರುಗಳನ್ನೆಲ್ಲ ಸುತ್ತಿ ದನದ ಹೆಗಲಿಗೆ ಬಂದಂತಾಯಿತು.

ಆದರೆ ಉಪಾಯದ ಲಾಭ ಸಿಕ್ಕಿದ್ದು ಯಾರಿಗೆ? 1965ರಲ್ಲಿ ಕೇಂದ್ರ ಸರಕಾರ ಭಾರ ಎಳೆಯುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು ನಿಯಮಗಳನ್ನು ಮಾಡಿತು. ಅದರ ಪಟ್ಟಿಯನ್ನು ಓದಿದಾಗ ನನಗೆ ಬಡಿಗ ಅಜ್ಜನ ಮಾತು ನೆನಪಾಯಿತು. ಮಧ್ಯಮ ಗಾತ್ರದ ಒಂದು ಎತ್ತು ಎರಡು ಗಾಲಿಯ ಗಾಡಿಯಲ್ಲಿ ಎಳೆಯಬಹುದಾದ ಭಾರ, ರಬ್ಬರ್ ಟಾಯರಿಲ್ಲದಿದ್ದರೆ 700 ಕಿಲೋ, ಟಾಯರಿದ್ದರೆ 1050, ಬಾಲ್ ಬೇರಿಂಗ್ ಇದ್ದರೆ 1400. ಎತ್ತು ಅದೇ, ಹೆಗಲು ಅದೇ. ಗಾಲಿ ಎಷ್ಟು ಸುಲಭವಾಯಿತೋ ಅಷ್ಟನ್ನೂ ಭಾರಕ್ಕೆ ಕೊಟ್ಟು, ಎತ್ತಿಗೆ ಏನನ್ನೂ ಉಳಿಸಿಲ್ಲ. ದಯೆಗಾಗಿ ಬರೆದ ಕಾಯಿದೆಯಲ್ಲಿಯೇ ಹೀಗೆ! ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದರು. ಅವರು ಗಾಲಿಯ ಜೊತೆಗೆ ನೊಗದ ಬಗ್ಗೆಯೂ ಹೇಳುತ್ತಿದ್ದರು. ಜನ ಗಾಲಿಯನ್ನು ತೆಗೆದುಕೊಂಡರು, ನೊಗವನ್ನು ಹಾಗೆಯೇ ಬಿಟ್ಟರು.

ನಮ್ಮ ಮನೆಯಲ್ಲಿಯೂ ಅದೇ ಆಯಿತು. 1988ರ ಹಂಗಾಮಿನಲ್ಲಿ ಕೈ ಬಿಗಿಯಿತ್ತು. ಟಾಯರ್ ಗಾಲಿಯ ಚಕ್ಕಡಿ ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ಅಣ್ಣ ನಾಲ್ಕು ಗೂಟ ನೆಟ್ಟು ಕಬ್ಬು ಹೇರಿದ. ಗಾಲಿ ತಡೆಯಿತು; ಜನ ಕೂರಲೆಂದು ಮಾಡಿದ ತೆಳ್ಳನೆಯ ಮೂಕಿ ಮೂರನೆಯ ವಾರ ಸೀಳಿತು. ಅದಕ್ಕೆ ಕಬ್ಬಿಣದ ಪಟ್ಟಿ ಬಿಗಿಸಿ ಮತ್ತೆ ಹೇರಿದ. ಆಮೇಲೆ ಬಲಗಡೆಯ ಎತ್ತಿನ ಹೆಗಲು ಬಾತು, ಮುಟ್ಟಿದರೆ ಮೈ ನಡುಗಿಸತೊಡಗಿತು. ಪಶುವೈದ್ಯರು ಒಂದು ತಿಂಗಳು ನೊಗ ಹೂಡಬಾರದೆಂದರು. ಒಂಟಿ ಎತ್ತಿಗೆ ಜೊತೆಗಾಗಿ ಬಾಡಿಗೆಯ ಎತ್ತು ತರಲು ಅಣ್ಣ ಹೊರಟಾಗ ವೈನಿ ಬಾಗಿಲಿಗೆ ಬಂದು ನಿಂತರು. "ತಾಯಿ ಜಾತ್ರಿಗಿ ಹೋಗೂ ಚಕ್ಕಡಿ ಇದು. ಇದರ ಮ್ಯಾಲ ಇನ್ನೊಂದ ಕಬ್ಬ ಇಟ್ರ ನಾ ತವರಿಗಿ ಹೊಕ್ಕೇನಿ" ಎಂದರು. ಮೂವತ್ತು ವರ್ಷಗಳಲ್ಲಿ ಅವರು ಅಣ್ಣನೆದುರು ಅಷ್ಟು ದೊಡ್ಡ ದನಿಯಲ್ಲಿ ಮಾತನಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಣ್ಣ ಉತ್ತರ ಕೊಡಲಿಲ್ಲ. ಮರುದಿನ ಗೂಟಗಳನ್ನು ಕಿತ್ತು, ಅವುಗಳ ತೂತುಗಳಿಗೆ ಬಡಿಗ ಅಜ್ಜನಿಂದ ಬಿರಡೆ ಹೊಡೆಸಿಬಿಟ್ಟ. ಕಬ್ಬು ಆ ವರ್ಷ ಬಾಡಿಗೆಯ ಟ್ರ್ಯಾಕ್ಟರಿನಲ್ಲಿ ಹೋಯಿತು. ಸಾಲ ಇನ್ನೆರಡು ವರ್ಷ ಉಳಿಯಿತು.

ಹೆಗಲು ವಾಸಿಯಾದ ಎತ್ತು ಮತ್ತೆ ಆರು ಸಲ ಚಿಂಚಲಿಗೆ ಹೋಗಿ ಬಂತು.

ಅಣ್ಣ ಈಗಿಲ್ಲ. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಗಾಡಿಯ ಶರ್ಯತ್ತುಗಳನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕ ಕಾಯಿದೆ ತಿದ್ದಿತು. 2023ರ ಮೇ 18ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಂದಿನಿಂದ ಅಣ್ಣನ ಮಗನಿಗೆ ಅಜ್ಜನ ಚಕ್ಕಡಿಯನ್ನು ಮತ್ತೆ ಮೊದಲಿನಂತೆ ಮಾಡಬೇಕೆಂಬ ಹಂಬಲ. ಓಡಿಸಲು ಅಲ್ಲ, ಜಾತ್ರೆಯ ದಿನ ಹೂಡಲು ಎನ್ನುತ್ತಾನೆ. ನಾನು ಪೂರ್ತಿ ನಂಬಿಲ್ಲ. ಟಾಯರ್ ಗಾಲಿಗಳನ್ನು ಕಳಚಿ ನೀರಿನ ಟಾಕಿಯ ಗಾಡಿಗೆ ಕೂಡಿಸಿದ್ದಾನೆ. ಹಳೆಯ ಕಟ್ಟಿಗೆಯ ಗಾಲಿಗಳು ಮಾತ್ರ ಮನೆಯಲ್ಲಿಲ್ಲ. 2009ರಲ್ಲಿ ಹೆದ್ದಾರಿಯ ಬದಿಯ ಒಂದು ಹೊಟೇಲಿನವರು ಗೋಡೆಗೆ ಆನಿಸಿಡಲೆಂದು ಕೊಂಡುಕೊಂಡು ಹೋದರು. ಕೇಳಲು ಹೋದರೆ ಅವರು ಕೊಡಲು ಒಪ್ಪಲಿಲ್ಲವಂತೆ. ಬಡಿಗ ಅಜ್ಜನ ಮೊಮ್ಮಕ್ಕಳು ಇಚಲಕರಂಜಿಯಲ್ಲಿ ಫರ್ನಿಚರ್ ಮಾಡುತ್ತಾರೆ, ಗಾಲಿ ಕಟ್ಟಿ ಗೊತ್ತಿಲ್ಲ. ಅಥಣಿ, ಕಾಗವಾಡದ ಕಡೆ ಜಾಲಿಯ ಗಾಲಿ ಕಟ್ಟಿ ಕೆಂಪು ಹಳಿ ಏರಿಸಬಲ್ಲವರು ಇನ್ನೂ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿರಿ. ಅಳತೆ ನನ್ನ ಬಳಿ ಇದೆ: ಎತ್ತರ 54 ಅಂಗುಲ.